ಚೆಕಿಂಗಮ್ಮನ ಮನೆಯವರ ಓಟ

ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವುದು ಆಕೆಯ ಕೆಲಸ. ಕಂಡಕ್ಟರುಗಳು, ಡ್ರೈವರುಗಳು, ದಿನವೂ ಓಡಾಡುವ ಪ್ರಯಾಣಿಕರು, ಕೊನೆಗೆ ಅಕ್ಕಪಕ್ಕದ ಮನೆಯವರೂ ಆಕೆಯನ್ನು ಚೆಕಿಂಗಮ್ಮ ಎಂದೇ ಕರೆಯುತ್ತಿದ್ದರು. ನಡುವಿನ ಯಾವುದೋ ಸ್ಟಾಪಿನಲ್ಲಿ ಹತ್ತಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಒಮ್ಮೆ ಎಲ್ಲರ ಮುಖದ ಮೇಲೆ ಕಣ್ಣಾಡಿಸಿದರೆ ಸಾಕು, ಯಾರ ಕೈಯಲ್ಲಿ ಟಿಕೆಟ್ ಇಲ್ಲ ಎಂದು ಆಕೆಗೆ ತಿಳಿದುಬಿಡುತ್ತಿತ್ತು. ಟಿಕೆಟ್ ಇಲ್ಲದವನು ಕಿಟಕಿಯಾಚೆ ಎಂದೂ ನೋಡದ ಊರನ್ನು ನೋಡುವಂತೆ ನೋಡುತ್ತಾನೆ. ಇಲ್ಲವೇ ಬೇಕಾದ್ದಕ್ಕಿಂತ ಹೆಚ್ಚು ವಿನಯದಿಂದ ನಗುತ್ತಾನೆ. ವರ್ಷಗಟ್ಟಲೆ ಇದನ್ನೇ ಮಾಡಿ ಮಾಡಿ ಆಕೆಗೆ ಅನುಮಾನ ಎನ್ನುವುದು ಉಸಿರಾಟದಷ್ಟೇ ಸಹಜವಾಗಿಬಿಟ್ಟಿತ್ತು. ಹಾಲು ಉಕ್ಕಿದರೂ ಒಲೆಯನ್ನೊಮ್ಮೆ ಸಂಶಯದಿಂದ ನೋಡುವ ಹೆಂಗಸು ಅವಳು.

ಒಂದು ಮಧ್ಯಾಹ್ನ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತಿದ್ದ ಮುದುಕನೊಬ್ಬ ಆಕೆಯನ್ನು ಕಂಡು ಬಹಳ ವಿನಯದಿಂದ ನಕ್ಕ. ಆಕೆ ಹತ್ತಿರ ಬರುವಷ್ಟರಲ್ಲಿ ಬಸ್ಸು ನಿಂತಿತು, ಮುದುಕ ಇಳಿದು ಕಾಲಿಗೆ ಬುದ್ಧಿ ಹೇಳಿದ. ಚೆಕಿಂಗಮ್ಮನೂ ಇಳಿದು ಬೆನ್ನಟ್ಟಿದಳು. ತಲೆತುಂಬ ಬಿಳಿ ಕೂದಲಿನ ಆತನನ್ನು ಹಿಡಿಯುವುದೇನು ಮಹಾ ಎಂದುಕೊಂಡಿದ್ದಳು. ಆದರೆ ಚಪ್ಪಲಿ ಅಂಗಡಿ ದಾಟುವಷ್ಟರಲ್ಲೇ ಎದೆ ನಗಾರಿ ಬಾರಿಸತೊಡಗಿತು. ಔಷಧಿ ಅಂಗಡಿಯ ಮುಂದೆ ಕಂಬ ಹಿಡಿದು ನಿಂತುಬಿಟ್ಟಳು. ಮುದುಕ ತಿರುಗಿ ನೋಡಿದವನು ತಾನೂ ನಿಂತ.

"ಕೂತ್ಕೊಳ್ಳಿ ತಾಯಿ, ಮೊದ್ಲು ಉಸಿರು ಬರ್ಲಿ," ಎಂದು ಕನಿಕರದಿಂದ ಹೇಳಿ, ಆರಾಮಾಗಿ ನಡೆದುಕೊಂಡು ಹೋದ.

ತಪ್ಪಿಸಿಕೊಂಡು ಹೋದವರು ಎಷ್ಟೋ ಜನ. ಅವಳಿಗೆ ಬೇಸರವಿರಲಿಲ್ಲ. ಆದರೆ ಹೀಗೆ ಕನಿಕರ ತೋರಿಸಿ ಹೋದವನು ಇವನೊಬ್ಬನೇ. ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು.

ಅಂದು ಮನೆಗೆ ಬಂದು ಬಾಗಿಲಲ್ಲೇ ನಿಂತು ತನ್ನವರನ್ನು ನೋಡಿದಳು, ಬಸ್ಸಿನಲ್ಲಿ ನೋಡುವ ಹಾಗೆಯೇ. ಮಗ ಸೋಫಾದ ಮೇಲೆ ಉದ್ದಕ್ಕೆ ಮಲಗಿ ಎದೆಯ ಮೇಲೆ ಫೋನು ಇಟ್ಟುಕೊಂಡಿದ್ದ. ಮೀಸೆ ಚಿಗುರುತ್ತಿರುವ ವಯಸ್ಸು, ಆದರೆ ಎದ್ದು ನೀರು ಕುಡಿಯಲೂ ಸೋಮಾರಿತನ. ಅವನಜ್ಜಿ ಅವನಿಗೆ ದಿಂಬು ಎಂದು ಹೆಸರಿಟ್ಟಿದ್ದೂ ಅದಕ್ಕೇ. ಅವನಿಗಿಂತ ಚಿಕ್ಕವಳಾದ ಮಗಳು, ಮಾತಿನ ಖಾರಕ್ಕೆ ಮೆಣಸಿ ಎನ್ನಿಸಿಕೊಂಡವಳು, ಅಣ್ಣನ ಕಾಲ ಮೇಲೆ ಕಾಲು ಹಾಕಿ ಟಿವಿ ನೋಡುತ್ತಿದ್ದಳು. ಗಂಡ ಒಳಕೋಣೆಯಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದ. ಅತ್ತೆ ಬಾಲ್ಕನಿಯ ಕುರ್ಚಿಯಲ್ಲಿ ಕೂತು ಬೀದಿಯ ಮೇಲೆ ನಿಗಾ ಇಟ್ಟಿದ್ದರು.

"ನಾಳೆಯಿಂದ ಸಂಜೆ ಹೊತ್ತು ಎಲ್ರೂ ನಡೀಬೇಕು," ಎಂದಳು. "ಕುಂಟು ನೆಪ ಹೇಳೋ ಹಾಗಿಲ್ಲ."

ದಿಂಬು ಫೋನಿನಿಂದ ಕಣ್ಣೆತ್ತಲಿಲ್ಲ. "ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಸುಮ್ನೆ ನಡೆಯೋದು."

"ಎಲ್ಲಿಗೂ ಹೋಗ್ದೆ ಇರೋದಾದ್ರೆ ಇಲ್ಲೇ ಇರ್ಬಹುದಲ್ಲ?"

ಗಂಡ ಒಳಗಿನಿಂದಲೇ ಕೂಗಿದ. "ನಂಗ್ಯಾಕೆ? ದಿನವಿಡೀ ಕಾಲಲ್ಲಿ ಮೆಷಿನ್ ತುಳೀತೀನಿ."

"ಅದಕ್ಕೆ ಕರೆಂಟ್ ಮೋಟಾರು ಹಾಕಿಸಿ ಎಷ್ಟು ಕಾಲ ಆಯ್ತು ರೀ? ಈಗ ನೀವು ತುಳಿಯೋದು ಒಂದು ಗುಂಡಿ."

ಅತ್ತೆ ಕಿಸಕ್ಕೆಂದು ನಕ್ಕರು. ತಮ್ಮ ಸರದಿ ಬಂದಾಗ ಮಾತ್ರ ಎರಡೂ ಮಂಡಿ ಹಿಡಿದುಕೊಂಡರು.

ಮರುದಿನದಿಂದ ನೆಪಗಳ ಮೆರವಣಿಗೆ ಶುರುವಾಯಿತು. ಮಗನಿಗೆ ಹಿಮ್ಮಡಿ ನೋವು, ಮಗಳಿಗೆ ಓದುವುದಿದೆ, ಗಂಡನಿಗೆ ಗಿರಾಕಿಯ ಕೋಟು ಮುಗಿಸಬೇಕು. ಗದರಿ ಕೆಳಗಿಳಿಸಿದರೆ ಬೀದಿಯ ತುದಿಯವರೆಗೆ ಹೋಗಿ ಬೆಕ್ಕಿನ ಮರಿಗಳ ಹಾಗೆ ವಾಪಸು ಬರುತ್ತಿದ್ದರು. ಜಪ್ಪಯ್ಯ ಎಂದರೂ ಅವರನ್ನು ಕದಲಿಸಲಾಗದೆ ಆಕೆ ಕೈಚೆಲ್ಲಿದಳು. ಆದರೆ ಮುದುಕನ ಮಾತು ಬಿಡಬೇಕಲ್ಲ? ಇವರು ಹಾಳಾಗಲಿ, ನಾನಾದರೂ ನೆಟ್ಟಗಾಗುತ್ತೇನೆ ಎಂದುಕೊಂಡಳು.

ರೈಲು ಹಳಿಯ ಆಚೆ ಪುರಸಭೆಯ ಈಜುಕೊಳವಿತ್ತು. ಸಂಜೆ ಕೆಲಹೊತ್ತು ಹೆಂಗಸರಿಗೇ ಮೀಸಲು. ಉಸಿರು ಗಟ್ಟಿಯಾಗಲು ಈಜಿಗಿಂತ ಒಳ್ಳೆಯದಿಲ್ಲ ಎಂದು ಡಿಪೋದ ಗೆಳತಿ ಹೇಳಿದ್ದಳು. ಚೆಕಿಂಗಮ್ಮ ಸೇರಿಕೊಂಡಳು, ಮನೆಯಲ್ಲಿ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಊರಿಗೆಲ್ಲ ಜೋರು ಮಾಡುವ ಹೆಂಗಸು ರಬ್ಬರು ಟೋಪಿ ಹಾಕಿಕೊಂಡು ಸೊಂಟಮಟ್ಟದ ನೀರಿನಲ್ಲಿ ನಡುಗುತ್ತ ನಿಂತದ್ದು ಮಕ್ಕಳಿಗೆ ಗೊತ್ತಾದರೆ ಮುಗಿಯಿತು, ಜನ್ಮವಿಡೀ ಆಡಿಕೊಳ್ಳುತ್ತಾರೆ. ಬೆಳಗಿನ ಪಾಳಿ ಮುಗಿಸಿ ಮನೆಗೆ ಬಂದು, "ಸಂಜೆ ಸ್ಪೆಷಲ್ ಚೆಕಿಂಗ್ ಹಾಕಿದ್ದಾರೆ," ಎಂದು ಹೇಳಿ ಚೀಲ ಹಿಡಿದು ಹೊರಡುತ್ತಿದ್ದಳು.

ನೀರು ಆಕೆಯ ಜೋರಿಗೆ ಬಗ್ಗಲಿಲ್ಲ. ಕಲಿಸುವ ಹುಡುಗಿ ಕತ್ತಿನಲ್ಲಿ ಸೀಟಿ ನೇತುಹಾಕಿಕೊಂಡು, "ಗೋಡೆ ಬಿಡಿ ಆಂಟಿ, ನೀರು ಹಿಡ್ಕೊಳ್ಳುತ್ತೆ," ಎನ್ನುತ್ತಿದ್ದಳು. ನೀರು ಯಾರನ್ನು ಹಿಡಿದುಕೊಂಡ ಉದಾಹರಣೆಯಿದೆ? ಚೆಕಿಂಗಮ್ಮನಿಗೆ ನಂಬಿಕೆಯೇ ಬರಲಿಲ್ಲ. ಎರಡೂ ಕೈಯಲ್ಲಿ ಗೋಡೆಯ ಅಂಚನ್ನು ಕಚ್ಚಿಕೊಂಡು ಕಾಲು ಬಡಿಯುತ್ತಿದ್ದಳು. ಆಮೇಲೆ ಕೂದಲು ಒರೆಸಿ, ಬಿಗಿಯಾಗಿ ಕಟ್ಟಿ, ಬಸ್ಸು ಹತ್ತಿ ಊರೆಲ್ಲ ಸುತ್ತಿಕೊಂಡು ಮನೆ ಸೇರುತ್ತಿದ್ದಳು.

"ನಿನ್ನ ಹತ್ರ ಅದೇನೋ ಬ್ಲೀಚಿಂಗ್ ಪೌಡರ್ ವಾಸನೆ," ಎಂದು ಒಂದು ಸಂಜೆ ಅತ್ತೆ ಮೂಗು ಅರಳಿಸಿದರು.

"ಬಸ್ಸು ತೊಳೆದಿದ್ರು ಅತ್ತೆ."

"ಒಳಗೂನಾ?"

"ಒಳಗೂ," ಎಂದು ಆಕೆ ಸರಸರನೆ ಬಚ್ಚಲಿಗೆ ಹೋದಳು.

ಇದಾದ ಕೆಲವು ದಿನಗಳಿಗೆ ಆಕೆಯ ತಲೆಗೂ ಒಂದು ಹುಳ ಹೊಕ್ಕಿತು. ಮನೆಯಲ್ಲಿ ಏನೋ ನಡೆಯುತ್ತಿದೆ. ಈಜಿ ಬರುವ ಹೊತ್ತಿಗೆ ಎಲ್ಲರೂ ಅವರವರ ಜಾಗದಲ್ಲೇ ಇರುತ್ತಿದ್ದರು, ದಿಂಬು ಸೋಫಾದಲ್ಲಿ, ಮೆಣಸಿ ಟಿವಿಯ ಮುಂದೆ, ಗಂಡ ಮೆಷಿನ್ನಿನ ಮುಂದೆ. ಆದರೆ ದಿಂಬಿನ ಎದೆ ತಿದಿಯ ಹಾಗೆ ಏರಿಳಿಯುತ್ತಿತ್ತು. ಟಿವಿಯಲ್ಲಿ ಮೆಣಸಿ ತಿರುಗಿಯೂ ನೋಡದ ಕೃಷಿ ಕಾರ್ಯಕ್ರಮ ಬರುತ್ತಿತ್ತು. ಗಂಡನ ಮೆಷಿನ್ನು ಓಡುತ್ತಿತ್ತು, ಸೂಜಿಯ ಕೆಳಗೆ ಬಟ್ಟೆಯೇ ಇರುತ್ತಿರಲಿಲ್ಲ. ಬಾಗಿಲ ಪಕ್ಕದ ಬೂಟುಗಳೊಳಗೆ ಆಕೆ ಮೆಲ್ಲಗೆ ಕೈ ಹಾಕಿ ನೋಡಿದಳು. ಬೆಚ್ಚಗಿದ್ದವು.

ಊಟಕ್ಕೆ ಕೂತರೆ ಮಗ ಕೇಳದೆಯೇ ಎರಡನೆಯ ಸಲ ಬಡಿಸಿಕೊಂಡ. ರಾತ್ರಿಯೆಲ್ಲ ಫೋನಿಗೆ ಅಂಟಿಕೊಳ್ಳುತ್ತಿದ್ದವನು ತಟ್ಟೆ ತೊಳೆದಿಟ್ಟ ಕೂಡಲೇ ಗೊರಕೆ ಹೊಡೆದ. ಗಂಡ ತನ್ನ ಪ್ಯಾಂಟನ್ನೇ ಸೊಂಟದಲ್ಲಿ ಒಳಗೆ ಹಿಡಿದು ಹೊಲಿದುಕೊಳ್ಳುತ್ತಿದ್ದ. ತಾವೇ ನಡೆಯಲು ಶುರುಮಾಡಿದರೆ ಹೇಳಬಾರದೆ? ತಾನೇ ಹೇಳಿದ ಕೆಲಸವನ್ನು ಯಾರಾದರೂ ಕದ್ದುಮುಚ್ಚಿ ಮಾಡುತ್ತಾರೆಯೆ? ಮಗ ಯಾರೊಂದಿಗೋ ಹೊಡೆದಾಟಕ್ಕೆ ಬಿದ್ದಿದ್ದಾನೆಯೆ? ಗಂಡ ಇನ್ನೆಲ್ಲೋ ಎರಡನೆಯ ಕೆಲಸ ಹಿಡಿದು ಮಕ್ಕಳನ್ನೂ ದುಡಿಸುತ್ತಿದ್ದಾನೆಯೆ?

ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ಹಿಡಿದು ಕೇಳುವುದು ಆಕೆಯ ಹಳೆಯ ಪಟ್ಟು. ಜೊತೆಗೆ ಹತ್ತಿದ ಕಳ್ಳರು ಹತ್ತಿದ ಸ್ಟಾಪನ್ನು ಬೇರೆಬೇರೆ ಹೇಳಿ ಸಿಕ್ಕಿಬೀಳುತ್ತಾರೆ. ಅಡುಗೆಮನೆಯಲ್ಲಿ ಮಗಳನ್ನು ಕೇಳಿದಳು.

"ಸಂಜೆ ಎಲ್ಲಿಗಾದ್ರೂ ಹೋಗಿದ್ರೇನೇ?"

"ಲೈಬ್ರರಿಗೆ," ಎಂದಳು ಮೆಣಸಿ, ಕಣ್ಣು ಮಿಟುಕಿಸದೆ.

ಬಾಲ್ಕನಿಯಲ್ಲಿ ಮಗ ಸಿಕ್ಕಿದ. "ದಾರ ತರೋಕೆ ಅಂಗಡಿಗೆ," ಎಂದ. ಗಂಡನನ್ನು ಕೇಳಿದರೆ, "ಎಲ್ಲಿಗೂ ಹೋಗಿಲ್ವಲ್ಲ, ಯಾಕೆ?" ಎಂದು ಬೇಕಾದ್ದಕ್ಕಿಂತ ಹೆಚ್ಚು ವಿನಯದಿಂದ ನಕ್ಕ. ಆ ನಗು ನೋಡಿ ಆಕೆಗೆ ಮೈ ಉರಿಯಿತು. ಕೊನೆಗೆ ಅತ್ತೆಯ ಬಳಿ ಹೋದಳು.

"ನನ್ನ ಮಂಡಿ ನೋವು ನನಗೆ. ನಾನೆಲ್ಲಿ ನೋಡ್ತಾ ಕೂರ್ಲಿ?" ಎಂದರು, ಬೀದಿಯಲ್ಲಿ ಬೆಕ್ಕು ದಾಟಿದರೂ ವರದಿ ಒಪ್ಪಿಸುವ ಅತ್ತೆ. ಎಲ್ಲರೂ ಸೇರಿ ತನಗೆ ಚಳ್ಳೆಹಣ್ಣು ತಿನ್ನಿಸುತ್ತಿದ್ದಾರೆ ಎನ್ನುವುದರಲ್ಲಿ ಇನ್ನು ಎಳ್ಳಷ್ಟೂ ಸಂಶಯ ಉಳಿಯಲಿಲ್ಲ.

ಮರುದಿನ ಎಂದಿನಂತೆ ಚೀಲ ಹಿಡಿದು ಹೊರಟವಳು ಬಸ್‌ಸ್ಟಾಪಿಗೆ ಹೋಗಲಿಲ್ಲ. ಮೂಲೆ ತಿರುಗಿ, ಹಿಂದಿನ ಓಣಿಯಿಂದ ಬಂದು, ಮನೆಯೆದುರಿನ ಲಾಂಡ್ರಿ ಅಂಗಡಿಯೊಳಗೆ ನುಗ್ಗಿದಳು. ತೂಗುಹಾಕಿದ ಅಂಗಿಗಳ ಹಿಂದೆ ನಿಂತಳು.

"ಏನಮ್ಮಾ, ನಮ್ಮಂಗಡೀಲೂ ಚೆಕಿಂಗಾ?" ಎಂದು ಲಾಂಡ್ರಿಯವನು ಗಾಬರಿಯಾದ.

"ಶ್! ನೀವು ನಿಮ್ಮ ಕೆಲ್ಸ ಮಾಡ್ರಿ."

ಬಾಲ್ಕನಿಯಲ್ಲಿ ಅತ್ತೆ ಎದ್ದು ನಿಂತರು. ಮಂಡಿ ನೋವಿನ ಸುಳಿವೂ ಇಲ್ಲ. ಕತ್ತು ಚಾಚಿ ಬೀದಿಯ ಆ ತುದಿ ಈ ತುದಿ ನೋಡಿ, ಟವೆಲನ್ನು ಒಮ್ಮೆ ಒದರಿದರು. ಮರುಗಳಿಗೆಯಲ್ಲಿ ಕಟ್ಟಡದ ಬಾಗಿಲಿನಿಂದ ಮೂವರೂ ಹೊರಬಿದ್ದರು. ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದೇ ಬಂದಿರಬೇಕು. ಮುಂದೆ ಮೆಣಸಿ, ಅವಳ ಹಿಂದೆ ದಿಂಬು, ಕೊನೆಯಲ್ಲಿ ಅಳತೆಪಟ್ಟಿ ಕೊರಳಲ್ಲೇ ಬಿಟ್ಟುಕೊಂಡ ಗಂಡ.

ಚೆಕಿಂಗಮ್ಮ ಬೆನ್ನಿಗೆ ಬಿದ್ದಳು. ಅಡ್ಡರಸ್ತೆ, ಬೀಗದ ಅಂಗಡಿ, ಪಾತ್ರೆ ಅಂಗಡಿ, ಶಾಲೆಯ ಕಾಂಪೌಂಡು. ಅವರ ನಡಿಗೆ ನೋಡಿದರೆ ಈ ದಾರಿ ಕಾಲಿಗೆ ಪಾಠವಾದ ಹಾಗಿತ್ತು. ಎಲ್ಲಿ ಗಟಾರ, ಎಲ್ಲಿ ನಾಯಿ ಎಂದು ನೋಡುವ ಗೋಜಿಗೂ ಹೋಗುತ್ತಿರಲಿಲ್ಲ. ನೀರು ಕುಡಿಯಲು ಏಳದ ಮಗ ಕೈಗಾಡಿಯೊಂದನ್ನು ತಪ್ಪಿಸಿ ಹರಿಣದ ಹಾಗೆ ಮುಂದಕ್ಕೆ ಹಾರಿದ್ದನ್ನು ಕಂಡು ಅವಳಿಗೆ, ಇವನು ನಿಜವಾಗಿ ನನ್ನ ಮಗನೇನಾ, ಎಂದೂ ಅನುಮಾನ ಬಂತು. ದಾರಿ ರೈಲು ಹಳಿಯ ಕಡೆಗೆ ತಿರುಗಿದಾಗ ಮಾತ್ರ ಎದೆ ಧಸಕ್ಕೆಂದಿತು. ಹಳಿಯ ಹತ್ತಿರ ಇವರಿಗೇನು ಕೆಲಸ?

ಹಳಿ ದಾಟಲು ಕಾಲುಸೇತುವೆಯೊಂದಿತ್ತು. ಮೂವರೂ ಮೆಟ್ಟಿಲು ಹತ್ತಿ ಮೇಲೆ ಸೇತುವೆಯ ನಡುವೆ ನಿಂತರು. ಕಟಕಟೆಗೆ ಎದೆ ಆನಿಸಿ ಆಚೆ ಬದಿಗೆ ನೋಡತೊಡಗಿದರು. ಚೆಕಿಂಗಮ್ಮ ಸದ್ದಾಗದಂತೆ ಮೆಟ್ಟಿಲ ಅರ್ಧದವರೆಗೆ ಹತ್ತಿ ಕಿವಿಗೊಟ್ಟಳು.

"ಇವತ್ತು ಯಾಕಪ್ಪ ಇನ್ನೂ ಬಂದಿಲ್ಲ?" ಮೆಣಸಿಯ ದನಿ.

"ಬಸ್ಸು ತಡ ಆಗಿರ್ಬೇಕು," ಎಂದ ಗಂಡ.

"ನಿನ್ನೆ ನೀರು ಕುಡಿದ್ಲಲ್ಲ, ಹೆದರ್ಕೊಂಡಿರ್ತಾಳೆ," ಎಂದ ದಿಂಬು.

"ಅಮ್ಮ ಹೆದರೋದಾ? ನೋಡ್ತಿರು, ಇವತ್ತು ಗೋಡೆ ಬಿಟ್ಟೇ ಬಿಡ್ತಾಳೆ."

ಚೆಕಿಂಗಮ್ಮ ಮೆಟ್ಟಿಲ ಕಂಬಿಯ ಸಂದಿಯಿಂದ ನೋಡಿದಳು. ಸೇತುವೆಯ ಕೆಳಗೆ, ಗೋಡೆಯಾಚೆ, ಈಜುಕೊಳ ತಟ್ಟೆಯಲ್ಲಿಟ್ಟ ಹಾಗೆ ಕಾಣುತ್ತಿತ್ತು. ಸೀಟಿಯ ಹುಡುಗಿ, ಬಣ್ಣಬಣ್ಣದ ರಬ್ಬರು ಟೋಪಿಗಳು, ತಾನು ದಿನವೂ ಕಚ್ಚಿಕೊಳ್ಳುತ್ತಿದ್ದ ಮೂಲೆ. ಹಾಗಾದರೆ ಎಲ್ಲವನ್ನೂ ನೋಡಿದ್ದಾರೆ. ಕಾಲು ಬಡಿದದ್ದು, ನೀರು ಕುಡಿದು ಕೆಮ್ಮಿದ್ದು, ಹುಡುಗಿಯ ಕೈಯಲ್ಲಿ ಬೈಸಿಕೊಂಡದ್ದು. ಕಿವಿಯವರೆಗೂ ಬಿಸಿಯೇರಿತು. ದಡದಡನೆ ಮೇಲೆ ಹತ್ತಿ ಮೂವರ ಬೆನ್ನ ಹಿಂದೆ ನಿಂತಳು.

"ಟಿಕೆಟ್!"

ಮೂವರೂ ಒಟ್ಟಿಗೆ ಹಾರಿಬಿದ್ದರು. ಗಂಡ ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿಯೂಬಿಟ್ಟ.

"ಎಷ್ಟು ದಿನದಿಂದ ನಡೀತಿದೆ ಈ ಪತ್ತೇದಾರಿ?"

ಗಂಡ ತಡವರಿಸುತ್ತ ಹೇಳಿದ. "ನಿನ್ನ ಹತ್ರ ಆ ವಾಸನೆ ಬರ್ತಿತ್ತಲ್ಲ... ಅಮ್ಮ ಅಂದ್ರು, ಅದು ಆಸ್ಪತ್ರೆ ವಾಸನೆ ಅಂತ. ಡಿಪೋದಲ್ಲಿ ಕೇಳಿದ್ರೆ ಸ್ಪೆಷಲ್ ಚೆಕಿಂಗೂ ಇಲ್ಲ, ಏನೂ ಇಲ್ಲ ಅಂದ್ರು. ಏನೋ ಕಾಯಿಲೆ ಮುಚ್ಚಿಡ್ತಿದ್ದೀಯ ಅಂದ್ಕೊಂಡ್ವಿ. ಎರಡು ರಾತ್ರಿ ನಂಗೆ ನಿದ್ದೆ ಇಲ್ಲ. ಅದಕ್ಕೇ ಹಿಂದೆ ಬಂದ್ವಿ."

"ಗೊತ್ತಾದ್ಮೇಲೂ ದಿನಾ ಯಾಕೆ ಬಂದ್ರಿ?"

"ನೀನು ಗೋಡೆ ಯಾವಾಗ ಬಿಡ್ತೀಯ ಅಂತ ನೋಡ್ಬೇಕಿತ್ತು," ಎಂದಳು ಮೆಣಸಿ. "ನೀನು ಮೇಲೆ ಬಂದ ತಕ್ಷಣ ನಾವು ಮನೆಗೆ ಓಡೋದು. ಬಸ್ಸಿಗಿಂತ ಮೊದ್ಲು ಸೇರ್ಬೇಕಲ್ಲ. ಮೊದ್ಲೆಲ್ಲ ಅಣ್ಣ ಪಾತ್ರೆ ಅಂಗಡಿ ಹತ್ರಾನೇ ಕೂತ್ಬಿಡ್ತಿದ್ದ. ಈಗ ಅವನೇ ಫಸ್ಟ್."

ದಿಂಬು ನೆಲ ನೋಡುತ್ತ ಕಿವಿ ತುರಿಸಿಕೊಂಡ. ಅವನ ಮುಖದಲ್ಲಿ ನಾಚಿಕೆಯೂ ಇತ್ತು, ಹೆಮ್ಮೆಯೂ ಇತ್ತು. ಚೆಕಿಂಗಮ್ಮನಿಗೆ ನಗು ಬರುವುದರಲ್ಲಿತ್ತು. ಅಳುವೂ ದೂರವಿರಲಿಲ್ಲ. ಎರಡಕ್ಕೂ ಜಾಗ ಕೊಡದೆ ಗದರಿದಳು.

"ಸಾಕು ಮಾಡಿ ಈ ಆಟ. ಇನ್ಮೇಲೆ ಯಾರೂ ಇಲ್ಲಿಗೆ ಬರೋ ಹಾಗಿಲ್ಲ. ನಾಟಕ ಏನಿದು ನಿಂತು ನೋಡೋಕೆ?"

ಮಾತು ಕೇಳದ ಮನೆಯವರು ಆ ಮಾತನ್ನು ಮಾತ್ರ ಚಾಚೂ ತಪ್ಪದೆ ಕೇಳಿದರು. ಮರುದಿನ ಸೇತುವೆ ಖಾಲಿ. ಕಾಲು ಬಡಿಯುತ್ತ ಆಕೆ ಎರಡು ಮೂರು ಸಲ ತಲೆಯೆತ್ತಿ ನೋಡಿದಳು, ಅಪರಿಚಿತರು ಮಾತ್ರ ದಾಟಿಹೋಗುತ್ತಿದ್ದರು. ಅದೇ ವಾರ ಒಂದು ಸಂಜೆ ಆಕೆಯ ಕೈ ತಾನಾಗಿಯೇ ಗೋಡೆ ಬಿಟ್ಟಿತು. ನೀರು ನಿಜವಾಗಿಯೂ ಹಿಡಿದುಕೊಂಡಿತು, ಎರಡು ಉಸಿರಿನಷ್ಟು ಹೊತ್ತು. ಸೀಟಿಯ ಹುಡುಗಿ ಚಪ್ಪಾಳೆ ತಟ್ಟಿದಳು. ಅದನ್ನು ನೋಡಲು ಮೆಣಸಿ ಇರಲಿಲ್ಲ.

ಮನೆಯಲ್ಲಿ ಎಲ್ಲ ಮೊದಲಿನಂತಾಗಿತ್ತು. ಸೋಫಾ ದಿಂಬನ್ನು ಮರಳಿ ಪಡೆದಿತ್ತು. ಬೂಟುಗಳು ತಣ್ಣಗಿದ್ದವು.

"ಏಳ್ರೋ, ನಡೀರಿ, ಸ್ವಲ್ಪ ಓಡಿ ಬರೋಣ," ಎಂದಳು.

"ಎಲ್ಲಿಗೆ?" ಎಂದ ಮಗ, ಮೊದಲಿನ ಹಾಗೆಯೇ.

ಆಕೆಗೆ ಆಗ ಹೊಳೆಯಿತು. ಕರೆದರೆ ಬಾರದವರು, ಕದ್ದು ಬೆನ್ನುಹತ್ತುವಾಗ ಗಾಳಿಯ ಹಾಗೆ ಬಂದಿದ್ದರು. ಈ ಮನೆಯಲ್ಲಿ ಅನುಮಾನದ ಕಾಯಿಲೆ ತನ್ನೊಬ್ಬಳಿಗೇ ಇರಲಿಲ್ಲ, ಎಲ್ಲರಿಗೂ ಅಂಟಿತ್ತು. ಆಕೆ ಬೂಟು ಹಾಕಿಕೊಂಡಳು. ಚೀಲ ತೆಗೆದುಕೊಳ್ಳಲಿಲ್ಲ.

"ಈಜೋಕಾ?" ಎಂದಳು ಮೆಣಸಿ.

"ಅಲ್ಲ."

"ಮತ್ತೆಲ್ಲಿಗೆ?"

"ಹೇಳೋ ಹಾಗಿಲ್ಲ," ಎಂದು ಬಾಗಿಲು ಎಳೆದುಕೊಂಡಳು.

ಮೆಟ್ಟಿಲಿಳಿದು ಬೀದಿಗೆ ಬರುವಷ್ಟರಲ್ಲಿ ಮೇಲೆ ಟವೆಲು ಒದರಿದ ಸದ್ದಾಯಿತು. ಆಕೆ ತಿರುಗಿ ನೋಡಲಿಲ್ಲ. ಸರಕ್ಕನೆ ಎಡಕ್ಕೆ ಹೊರಳಿ ಹೆಜ್ಜೆ ಚುರುಕುಗೊಳಿಸಿದಳು. ಅಂದು ಅವರನ್ನು ತರಕಾರಿ ಮಾರುಕಟ್ಟೆಯ ಹಿಂದಿನ ದಿಬ್ಬದ ಮೇಲೆ ಹತ್ತಿಸಿ ಇಳಿಸಿದಳು. ಮರುದಿನ ಹೊಳೆಯ ದಂಡೆ. ಇನ್ನೊಂದು ದಿನ ನಡುವೆ ಬಸ್ಸು ಹತ್ತಿದ ಹಾಗೆ ಮಾಡಿ, ಆಚೆ ಬಾಗಿಲಿನಿಂದ ಇಳಿದು, ಮೂವರನ್ನೂ ಬಸ್ಸಿನ ಹಿಂದೆ ಓಡಿಸಿದಳು. ತಪ್ಪಿಸಿಕೊಳ್ಳುವವರ ಉಪಾಯಗಳೆಲ್ಲ ಆಕೆಗೆ ಬಾಯಿಪಾಠವಾಗಿದ್ದವು. ಬೆನ್ನಟ್ಟುವವಳಾಗಿ ಇಷ್ಟು ವರ್ಷ ಕಳೆದವಳಿಗೆ ಓಡಿಹೋಗುವುದರಲ್ಲಿ ಇಂಥ ಸುಖವಿದೆ ಎಂದು ಗೊತ್ತೇ ಇರಲಿಲ್ಲ. ಆಕೆ ಬೇಕೆಂದೇ ಕಾಣಿಸಿಕೊಳ್ಳುತ್ತಾಳೆ ಎಂದು ಅವರಿಗೂ ತಿಳಿದಿತ್ತು, ತಿಳಿದಿದೆ ಎಂದು ಆಕೆಗೂ ತಿಳಿದಿತ್ತು. ಯಾರೂ ಅದನ್ನು ಬಾಯಿಬಿಟ್ಟು ಆಡಲಿಲ್ಲ. ಆಡಿದ್ದರೆ ಎಲ್ಲರೂ ಸೋಫಾಕ್ಕೆ ಮರಳುತ್ತಿದ್ದರು.

ಈಜುವ ದಿನಗಳಲ್ಲಿ ಮಾತ್ರ ಸೇತುವೆಯ ಮೇಲೆ ಮೂರು ತಲೆಗಳು ಮತ್ತೆ ಕಾಣಿಸಿಕೊಂಡವು. ಆಕೆ ಬೇಡವೆನ್ನಲಿಲ್ಲ. ಕೊಳದ ಈ ದಡದಿಂದ ಆ ದಡಕ್ಕೆ ಮೊದಲ ಸಲ ಮುಟ್ಟಿದ ಸಂಜೆ ಮೇಲಿನಿಂದ ಯಾರೋ ಸಿಳ್ಳೆ ಹೊಡೆದರು. ಮಗನೋ ಗಂಡನೋ ತಿಳಿಯಲಿಲ್ಲ. ಇಬ್ಬರೂ ನಾನಲ್ಲ ಎಂದರು.

ಹೀಗಿರುವಾಗ ಮಳೆ ಬಿಟ್ಟ ಒಂದು ಸಂಜೆ ಆಕೆ ಶಾಲೆಯ ಮೈದಾನದ ಹಿಂದೆ ಬಚ್ಚಿಟ್ಟುಕೊಂಡು ಕಾದೇ ಕಾದಳು. ಯಾರೂ ಬರಲಿಲ್ಲ. ಕತ್ತಲಾಗುತ್ತ ಬಂತು. ಸಿಟ್ಟೂ ಕಳವಳವೂ ಒಟ್ಟಿಗೆ ಏರಿ ಮನೆಗೆ ಬಂದರೆ ಬಾಗಿಲಿಗೆ ಬೀಗ. ಬಾಲ್ಕನಿಯ ಕುರ್ಚಿಯೂ ಖಾಲಿ. ಅತ್ತೆಯೂ ಇಲ್ಲ! ಪಕ್ಕದ ಮನೆಯಾಕೆ ಬಾಗಿಲು ತೆರೆದು ಕೀ ಕೊಟ್ಟಳು.

"ಎಲ್ಲಿಗೆ ಹೋದ್ರು?"

"ಹೇಳ್ಬಾರ್ದು ಅಂದಿದ್ದಾರಪ್ಪ," ಎಂದು ಆಕೆ ಬೇಗಬೇಗ ಬಾಗಿಲು ಹಾಕಿಕೊಂಡಳು.

ಚೆಕಿಂಗಮ್ಮ ಮನೆಯೊಳಗೂ ಹೋಗಲಿಲ್ಲ. ಮತ್ತೆ ಮೆಟ್ಟಿಲಿಳಿದು, ದಿಬ್ಬ, ಹೊಳೆದಂಡೆ, ಸೇತುವೆ ಎಲ್ಲ ಕಡೆ ಹುಡುಕಿದಳು. ಎದೆ ಏರಿಳಿಯಿತಾದರೂ ಎಲ್ಲೂ ನಿಲ್ಲಬೇಕೆನಿಸಲಿಲ್ಲ. ಸೋತು ವಾಪಸು ಬಂದಾಗ ನಾಲ್ವರೂ ಕಟ್ಟಡದ ಬಾಗಿಲಲ್ಲಿ ನಿಂತಿದ್ದರು. ಮೆಣಸಿಯ ಕೆನ್ನೆ ಕೆಂಪಗಿತ್ತು, ಗಂಡನ ಮೊಣಕೈ ತರಚಿತ್ತು, ದಿಂಬಿನ ಬೆನ್ನ ಮೇಲೆ ಹುಲ್ಲಿನ ಚೂರುಗಳಿದ್ದವು. ಅತ್ತೆ ಮೊಮ್ಮಗನ ಬೂಟು ಹಾಕಿಕೊಂಡಿದ್ದರು.

"ಎಲ್ಲಿಗೆ ಹೋಗಿದ್ರಿ ಅತ್ತೆ?"

"ಇಲ್ಲೇ," ಎಂದರು ಅತ್ತೆ, ನಗು ತಡೆದುಕೊಳ್ಳುತ್ತ.

ಆಮೇಲೆ ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ಹಿಡಿದು ಕೇಳಿದ್ದಾಯಿತು. ಗದರಿದ್ದಾಯಿತು, ಪುಸಲಾಯಿಸಿದ್ದಾಯಿತು. ಈ ಸಲ ಎಲ್ಲರೂ ‘ಇಲ್ಲೇ’ ಎಂಬ ಒಂದೇ ಉತ್ತರ ಹೇಳಿದರು, ಅದೂ ಒಂದೇ ಧಾಟಿಯಲ್ಲಿ. ಮೊದಲೇ ಮಾತಾಡಿಕೊಂಡಿರಬೇಕು. ಅವರು ಅಂದು ಎಲ್ಲಿಗೆ ಹೋಗಿದ್ದರು, ನಡೆಯಲಾರೆ ಎನ್ನುವ ಅತ್ತೆಯನ್ನು ಹೇಗೆ ಕರೆದೊಯ್ದರು ಎನ್ನುವುದು ಚೆಕಿಂಗಮ್ಮನಿಗೆ ಇವತ್ತಿಗೂ ಪತ್ತೆಯಾಗಿಲ್ಲ. ಆದರೆ ವಾರಕ್ಕೊಮ್ಮೆಯಾದರೂ ಅತ್ತೆ ಮೊಮ್ಮಗನ ಬೂಟು ಹುಡುಕುತ್ತಾರೆ ಎನ್ನುವುದು ಆಕೆಯ ಗಮನಕ್ಕೆ ಬಂದಿದೆ. ಒಂದು ದಿನ ಹಿಡಿದೇ ಹಿಡಿಯುತ್ತೇನೆ ಎನ್ನುತ್ತಾಳೆ.